ಹೊಸ ಮನೆಯ ಹೊರಮೈ: ಇಟ್ಟಿಗೆಯೋ, ಹೊದಿಕೆಯೋ?

ನಮ್ಮ ಹಳೆ ಮನೆಯ ಪಡುವಣ ಗೋಡೆಗೆ ಹೊಟ್ಟೆ ಬಂದು ಹತ್ತು ವರ್ಷವಾಗಿತ್ತು. ಹೊಟ್ಟೆ ಅಂದರೆ ಗೋಡೆಯ ನಡುಭಾಗ ಹೊರಗೆ ಉಬ್ಬಿಕೊಳ್ಳುವುದು. ಕಲ್ಲು-ಮಣ್ಣಿನ ಮನೆಯಲ್ಲಿ ಇದ್ದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2022ರ ಮಳೆಗಾಲದಲ್ಲಿ ಒಂದು ರಾತ್ರಿ ಆ ಹೊಟ್ಟೆ ಒಡೆದು ಹೊರಗಿನ ಕಲ್ಲೆಲ್ಲ ಹಿತ್ತಲಿಗೆ ಜಾರಿಬಿದ್ದವು. ತಮಾಷೆ ಎಂದರೆ ಗೋಡೆಯ ಒಳಮುಖ ಹಾಗೇ ನಿಂತಿತ್ತು. ಒಳಗೆ ಮಲಗಿದ್ದ ನಮಗೆ ದೊಡ್ಡ ಸಪ್ಪಳ ಕೇಳಿತು, ಅಷ್ಟೇ. ಬೆಳಗಾದ ಮೇಲೆ ನೋಡಿದರೆ ಎರಡೂವರೆ ಅಡಿ ದಪ್ಪದ ಗೋಡೆಯಲ್ಲಿ ಒಂದಡಿ ಮಾತ್ರ ಉಳಿದಿದೆ, ಅದರ ಮೇಲೆ ಮಾಳಿಗೆ ಕೂತಿದೆ. ಅದೇ ದಿನ ಸಾಮಾನು ಹೊರಗೆ ಹಾಕಿ ದನದ ಕೊಟ್ಟಿಗೆಗೆ ಬಂದೆವು.

ಭಾಲ್ಕಿ ತಾಲೂಕಿನ ಮೆಹಕರ ನಮ್ಮೂರು. ನನಗಿರುವುದು ನಾಲ್ಕು ಎಕರೆ ಎರಿ ಭೂಮಿ. ತೊಗರಿ, ಸೋಯಾ, ಒಂದಿಷ್ಟು ಉದ್ದು. ಇಂಥ ಕೈಯಲ್ಲಿ ಮನೆ ಕಟ್ಟುವುದೆಂದರೆ ಜನ್ಮಕ್ಕೆ ಒಂದು ಸಲ. ಹಾಗಾಗಿ ತಪ್ಪು ಮಾಡಿ ಕಲಿಯುವ ಅವಕಾಶವಿಲ್ಲ. ಬೇರೆಯವರ ತಪ್ಪು ನೋಡಿ ಕಲಿಯಬೇಕು. ಒಂದು ವರ್ಷ ಅದನ್ನೇ ಮಾಡಿದೆ. ಮನೆ ಕಟ್ಟಲಿರುವ ನನ್ನಂಥವರಿಗೆ ಉಪಯೋಗವಾದೀತೆಂದು ಬರೆದಿದ್ದೇನೆ.

ಪ್ರಶ್ನೆ ಶುರುವಾದದ್ದು ಮಗನಿಂದ. ಅವನು ಹೈದರಾಬಾದಿನಲ್ಲಿ ಕೆಲಸಕ್ಕಿದ್ದಾನೆ. ಮನೆಯ ಮಾತು ಬಂದಾಗ ಬಣ್ಣಬಣ್ಣದ ಪುಸ್ತಕವೊಂದನ್ನು ತಂದು ಮುಂದಿಟ್ಟ. ಉಕ್ಕಿನ ಚೌಕಟ್ಟು ನಿಲ್ಲಿಸಿ ಹೊರಗೂ ಒಳಗೂ ಸಿಮೆಂಟ್ ಹಲಗೆ ಬಡಿಯುವ ಮನೆ.

"ಅಪ್ಪಾ, ಇಟ್ಟಂಗಿ ಯಾಕ ಬೇಕು? ಇಪ್ಪತ್ತು ದಿನಕ್ಕ ಮನಿ ನಿಂದರ್ತದ. ಗೌಂಡಿ ಹಿಂದ ತಿರುಗೋ ಕೆಲಸಿಲ್ಲ."

ಅದು ಬೇಡವೆಂದರೆ ಎರಡನೆಯ ದಾರಿಯೂ ಅವನ ಹತ್ತಿರ ಇತ್ತು. ಗೋಡೆ ಯಾವುದಾದರೂ ಇರಲಿ, ಮುಂದಿನ ಮುಖಕ್ಕೆ ಕಲ್ಲಿನ ತೆಳು ಹಾಸು ಅಂಟಿಸುವುದು. ಈಗ ಭಾಲ್ಕಿಯ ಹೊಸ ಬಡಾವಣೆಯಲ್ಲಿ ಎಲ್ಲರೂ ಅದನ್ನೇ ಮಾಡುತ್ತಿದ್ದಾರೆ. 'ಎಲಿವೇಶನ್' ಎನ್ನುತ್ತಾರೆ.

ನಾನು ನಗಲಿಲ್ಲ. ಹಲಗೆ ಮನೆಯನ್ನು ಒಂದೇ ಮಾತಿಗೆ ತಳ್ಳಿಹಾಕುವ ಹಾಗೂ ಇರಲಿಲ್ಲ. ಅದಕ್ಕೆ ಕಾರಣ 1993.

ಕಿಲ್ಲಾರಿಯ ಗೋಡೆಗಳು

1993ರ ಸೆಪ್ಟೆಂಬರ್ 30, ಬೆಳಗಿನ ಜಾವ ನಾಲ್ಕಕ್ಕೆ ನಾಲ್ಕು ನಿಮಿಷ ಕಮ್ಮಿ. ಗಣಪತಿ ಕಳಿಸಿ ಬಂದು ಜನ ಸುಸ್ತಾಗಿ ಮಲಗಿದ್ದರು. ಲಾತೂರ ಜಿಲ್ಲೆ ಔಸಾ ತಾಲೂಕಿನ ಕಿಲ್ಲಾರಿ ನಮ್ಮ ತಾಲೂಕಿನಿಂದ ನೇರ ಗೆರೆ ಎಳೆದರೆ ಎಪ್ಪತ್ತು ಕಿಲೋಮೀಟರಿನ ಆಸುಪಾಸು. ನಮ್ಮ ಮನೆಯ ಜಂತಿಗಳಿಂದ ಮಣ್ಣು ಸುರಿಯಿತು, ಅಡುಗೆಮನೆಯ ಭಾಂಡೆ ಉರುಳಿದವು. ಅಲ್ಲಿ ಹತ್ತು ಸಾವಿರದ ಹತ್ತಿರ ಜನ ಸತ್ತರು. ಅದಕ್ಕೆ ಮೊದಲು ಸರ್ಕಾರದ ನಕ್ಷೆಯಲ್ಲಿ ಆ ಸೀಮೆ ಭೂಕಂಪದ ಭಯ ಎಲ್ಲಕ್ಕಿಂತ ಕಡಿಮೆ ಇರುವ ವಲಯದಲ್ಲಿತ್ತು.

ನಮ್ಮ ಸೋದರತ್ತೆಯನ್ನು ಆ ಕಡೆಯ ಒಂದು ಊರಿಗೆ ಕೊಟ್ಟಿತ್ತು. ಮೂರನೆಯ ದಿನ ಅಪ್ಪ ಲಾರಿ ಹತ್ತಿ ಹೋದರು, ಜೊತೆಗೆ ನಾನೂ ಹೋದೆ. ಅತ್ತೆಯ ವಿಷಯ ಇಲ್ಲಿ ಬರೆಯುವುದಿಲ್ಲ. ಗೋಡೆಯ ವಿಷಯ ಬರೆಯುತ್ತೇನೆ.

ಅಪ್ಪ ಗೌಂಡಿ ಕೆಲಸವನ್ನೂ ಬಲ್ಲವರು. ಬಿದ್ದ ಮನೆಗಳ ನಡುವೆ ನಿಂತು ನನಗೆ ತೋರಿಸಿದರು. ಹೊರಮುಖದ ಕಲ್ಲು ಚಂದಾಗಿ ಉಳಿ ಹಾಕಿ ಚೌಕ ಮಾಡಿದ್ದು. ಒಳಮುಖದ್ದೂ ಪರವಾಗಿಲ್ಲ. ಎರಡರ ನಡುವೆ ಚೂರುಕಲ್ಲು, ಮಣ್ಣು, ಸಿಕ್ಕಿದ್ದನ್ನೆಲ್ಲ ತುಂಬಿದ್ದರು. ಗೋಡೆಯ ಈ ಮುಖದಿಂದ ಆ ಮುಖದವರೆಗೆ ಹಾಯುವ ಅಡ್ಡಗಲ್ಲು ಎಲ್ಲೂ ಇರಲಿಲ್ಲ. ಅಂದರೆ ಅದು ಒಂದು ಗೋಡೆಯಲ್ಲ, ಬೆನ್ನಿಗೆ ಬೆನ್ನು ತಾಗಿಸಿ ನಿಂತ ಎರಡು ತೆಳು ಗೋಡೆ. ನೆಲ ಅಲುಗಿದಾಗ ಒಂದು ಆಚೆಗೆ, ಒಂದು ಈಚೆಗೆ ಹೋಯಿತು. ಮೇಲಿನ ಮಾಳಿಗೆ ನೇರ ಕೆಳಗೆ ಬಂತು.

ಮಾಳಿಗೆಯ ಭಾರ ಎಷ್ಟೆಂದು ನಮ್ಮ ಜನ ಲೆಕ್ಕ ಹಾಕಿದವರಲ್ಲ. ಸೋರಿದ ವರ್ಷವೆಲ್ಲ ಮೇಲೊಂದು ಪದರ ಮಣ್ಣು ಹಾಕುವುದು, ಹಳೆಯದನ್ನು ತೆಗೆಯದೇ ಇರುವುದು. ಒಂದೂವರೆ ಅಡಿ ಮಣ್ಣಾದರೆ ಚದರಡಿಗೆ 70 ಕಿಲೋ ಮೀರುತ್ತದೆ. ಹತ್ತಡಿ-ಹನ್ನೆರಡಡಿ ಕೋಣೆಯಲ್ಲಿ ಮಲಗಿದವರ ತಲೆಯ ಮೇಲೆ ಎಂಟು ಟನ್ನಿಗೂ ಹೆಚ್ಚು.

ಅದೇ ಊರುಗಳಲ್ಲಿ ತಗಡಿನ ಶೆಡ್ಡು, ಕಣಿಕೆ ಹೊದಿಸಿದ ಗುಡಿಸಲು ನಿಂತಿದ್ದವು. ಕಟ್ಟಿಗೆ ಕಂಬದ ಮೇಲೆ ಮಾಳಿಗೆ ಹೊತ್ತ ಕೆಲವು ಮನೆಗಳೂ ಗೋಡೆ ಉದುರಿಸಿಕೊಂಡು ಕಂಬದ ಮೇಲೇ ನಿಂತಿದ್ದವು. ಮರಳಿ ಬಂದ ಮೇಲೆ ಅಪ್ಪ ನಮ್ಮ ಮಾಳಿಗೆಯಿಂದ ಒಂದಡಿ ಮಣ್ಣು ತೆಗೆಸಿದರು. ಗೋಡೆಗೆ ಅಡ್ಡಗಲ್ಲು ಕೂಡಿಸಬೇಕು ಎನ್ನುತ್ತಿದ್ದರು. ಮಹಾರಾಷ್ಟ್ರದಲ್ಲಿ ಸರ್ಕಾರವೇ ಅದನ್ನು ಹೇಳಿಕೊಟ್ಟಿತು: ಗೋಡೆಯಲ್ಲಿ ಅಲ್ಲಲ್ಲಿ ಆರಪಾರ ತೂತು ತೆಗೆದು, ಸರಳಿಟ್ಟು ಕಾಂಕ್ರೀಟ್ ತುಂಬಿ ಎರಡು ಮುಖವನ್ನೂ ಹೊಲಿಯುವುದು. ನಮ್ಮಲ್ಲಿ ಮಾತ್ರ ಅದು ಇವತ್ತು ನಾಳೆ ಎಂದು ಉಳಿದೇಹೋಯಿತು. 2022ರಲ್ಲಿ ಬಿದ್ದ ಗೋಡೆಯ ಹೊಟ್ಟೆಯಲ್ಲಿ ನೋಡಿದರೆ ಅದೇ ಚೂರುಕಲ್ಲು, ಅದೇ ಮಣ್ಣು. ಮೂವತ್ತು ವರ್ಷ ನಾವು ಕಿಲ್ಲಾರಿಯ ಗೋಡೆಯ ಬುಡದಲ್ಲೇ ಮಲಗಿದ್ದೆವು.

ಭಯ ಹಳೆಯದಾಯಿತು ಎನ್ನುವಂತಿಲ್ಲ. 2021ರ ಅಕ್ಟೋಬರಿನಲ್ಲಿ ನೆರೆಯ ಕಲಬುರಗಿ ಜಿಲ್ಲೆ ಚಿಂಚೋಳಿ ತಾಲೂಕಿನ ಗಡಿಕೇಶ್ವರದಲ್ಲಿ ನೆಲ ಮತ್ತೆ ಮತ್ತೆ ನಡುಗಿ ಜನ ಮನೆ ಬಿಟ್ಟು ಹೊರಗೆ ಮಲಗಿದರು.

ಹಲಗೆ ಮನೆ ನೋಡಿಬಂದೆ

ಹಾಗಾಗಿ ಹಗುರ ಗೋಡೆಯ ಪರ ಒಂದು ಮಾತು ಮೊದಲೇ ಹೇಳಬೇಕು. ನಮ್ಮ ಹಳೆ ಕಲ್ಲುಗೋಡೆ ಚದರಡಿಗೆ ಒಂದೂವರೆ ಕ್ವಿಂಟಲ್ ತೂಗುತ್ತದೆ. ಒಂಬತ್ತಿಂಚಿನ ಇಟ್ಟಿಗೆ ಗೋಡೆ 40 ಕಿಲೋ. ಚೌಕಟ್ಟಿನ ಹಲಗೆ ಗೋಡೆ ನಾಲ್ಕೈದು ಕಿಲೋ. ಬಿದ್ದರೂ ಸಾಯಿಸುವ ಗೋಡೆಯಲ್ಲ ಅದು.

ಮಗನನ್ನು ಕರೆದುಕೊಂಡು ಬೀದರ ಹತ್ತಿರ ಅಂಥ ಒಂದು ಮನೆ ನೋಡಲು ಹೋದೆ. ಬೇಕೆಂದೇ ಮೇ ತಿಂಗಳ ಮಧ್ಯಾಹ್ನ ಮೂರು ಗಂಟೆಗೆ ಹೋದೆ. ಪಡುವಣ ಗೋಡೆಗೆ ಒಳಗಿನಿಂದ ಕೈಯಿಟ್ಟರೆ ರೊಟ್ಟಿ ಹಂಚು. ಫ್ಯಾನ್ ಬಿಸಿಗಾಳಿಯನ್ನೇ ತಿರುವುತ್ತಿತ್ತು. ಮನೆಯವರು ಪ್ರಾಮಾಣಿಕರು, ಒಳ್ಳೆಯದನ್ನೂ ಹೇಳಿದರು. "ಹಗಲು ಸುಡ್ತದ್ರೀ, ಆದ್ರ ಸೂರ್ಯ ಮುಳುಗಿ ತಾಸಿಗೆ ತಣ್ಣಗಾಗ್ತದ. ನಿಮ್ಮ ಇಟ್ಟಂಗಿ ಮನಿ ನಡುರಾತ್ರಿ ತನಕ ಬಿಸಿ ಬಿಡ್ತದ." ಇದು ನಿಜ. ದಪ್ಪ ಗೋಡೆ ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಕಕ್ಕುತ್ತದೆ. ಆದರೆ ನಮ್ಮ ಕಡೆ ಬೇಸಿಗೆಯಲ್ಲಿ ರಾತ್ರಿ ಒಳಗೆ ಮಲಗುವವರು ಯಾರು? ಮಾಳಿಗೆ ಮೇಲೋ ಅಂಗಳದಲ್ಲೋ ಮಲಗುತ್ತೇವೆ. ನಮಗೆ ತಂಪು ಬೇಕಾದದ್ದು ಹೊಲದಿಂದ ಬಂದ ಮಧ್ಯಾಹ್ನ. ಊರಿನಲ್ಲಿ ಕಚೇರಿಗೆ ಹೋಗುವವರ ಲೆಕ್ಕ ಬೇರೆ, ಹೊಲಕ್ಕೆ ಹೋಗುವವರ ಲೆಕ್ಕ ಬೇರೆ.

ಗೋಡೆಯನ್ನು ಬೆರಳಿನಿಂದ ಬಡಿದೆ. ಹಲಗಿ ಬಾರಿಸಿದಂತೆ ಸಪ್ಪಳ. ಒಳಗೆ ಟೊಳ್ಳು. ನಮ್ಮ ಮನೆಯ ಹೊರಗೋಡೆಗೆ ಎತ್ತು ಮೈ ತಿಕ್ಕುತ್ತದೆ, ಚೀಲ ಒರಗಿಸುತ್ತೇವೆ, ನೊಗ-ಮಿಣಿ ತೂಗುಹಾಕಲು ದಪ್ಪ ಗೂಟ ಬಡಿಯುತ್ತೇವೆ. ಸಿಮೆಂಟ್ ಹಲಗೆಗೆ ಗೆದ್ದಲು ಹತ್ತುವುದಿಲ್ಲ, ಬೆಂಕಿ ಹಿಡಿಯುವುದಿಲ್ಲ. ಆದರೆ ಗಟ್ಟಿ ಏಟು ಬಿದ್ದರೆ ಒಡೆಯುತ್ತದೆ, ಜೋಡಿನ ಮುಲಾಮು ಒಣಗಿ ಬಿರಿದರೆ ಮಳೆನೀರು ಒಳಗಿಳಿಯುತ್ತದೆ. ಒಡೆದ ಹಲಗೆ ಬದಲಿಸಲು ಅದೇ ಅಳತೆಯದು, ಅದೇ ಕೆಲಸಗಾರ ಬೇಕು. ಮೆಹಕರದಲ್ಲಿ ಅವನೆಲ್ಲಿ ಸಿಗುತ್ತಾನೆ? ಟೊಳ್ಳಿನಲ್ಲಿ ಇಲಿ ಹೊಕ್ಕರೆ ಹಿಂದೆ ಹಾವು ಬರುತ್ತದೆ ಎಂದು ನನ್ನ ಹೆಂಡತಿ ಒಂದೇ ಮಾತಿನಲ್ಲಿ ಮುಗಿಸಿದಳು. ನಾನು ಇಷ್ಟುದ್ದ ಬರೆದದ್ದಕ್ಕಿಂತ ಅದೇ ಗಟ್ಟಿ ಕಾರಣ ಇರಬಹುದು.

ಖರ್ಚಿನಲ್ಲೂ ಉಳಿತಾಯ ಕಾಣಲಿಲ್ಲ. ಕೂಲಿ ಮತ್ತು ದಿನ ಉಳಿಯುತ್ತವೆ, ಸಾಮಾನಿನ ಬೆಲೆ ಅದನ್ನು ನುಂಗುತ್ತದೆ.

ಮದರಸಾದ ಮುಂದೆ ನಿಂತು

ಅದೇ ದಿನ ಮಗನನ್ನು ಬೀದರ ಊರೊಳಗೆ ಮಹಮೂದ್ ಗಾವಾನನ ಮದರಸಾ ತೋರಿಸಲು ಒಯ್ದೆ. ಅದು ಕಟ್ಟಿದ್ದು 1472ರಲ್ಲಿ. ಹೊರಮೈಗೆಲ್ಲ ಬಣ್ಣದ ಹೊಳಪಿನ ಬಿಲ್ಲೆ ಹೊದಿಸಿದ್ದರು: ನೀಲಿ, ಹಸಿರು, ಹಳದಿ, ಬಿಳಿ. ಎಲಿವೇಶನ್ ಅಂದರೆ ಅದು! 1696ರಲ್ಲಿ ಒಳಗಿಟ್ಟಿದ್ದ ಮದ್ದು ಸಿಡಿದು ಮುಂಭಾಗದ ಒಂದು ಪಾಲು, ಒಂದು ಮಿನಾರು ಹಾರಿಹೋದವು. ಉಳಿದದ್ದರ ಮೈಮೇಲೆ ಈಗ ಬಿಲ್ಲೆ ಅಲ್ಲಲ್ಲಿ ಇವೆ, ಹೆಚ್ಚಿನವು ಉದುರಿವೆ. ಕಲ್ಲು ಗಾರೆಯ ಗೋಡೆ ನಿಂತಿದೆ.

ಮಗ ಬಹಳ ಹೊತ್ತು ನೋಡಿದ. "ಐನೂರು ವರ್ಷ ಆದ್ರೂ ಇನ್ನೂ ಅಷ್ಟು ಉಳದಾವಲ್ಲ ಅಪ್ಪಾ" ಅಂದ. ನಾನು ತೋರಿಸಲು ಹೋದದ್ದು ಒಂದು, ಅವನು ಕಂಡದ್ದು ಇನ್ನೊಂದು. ಅವನ ಮಾತೂ ಸುಳ್ಳಲ್ಲ, ಆ ಕಾಲದ ಗಾರೆ ಅಂಥದ್ದು.

ಬೀದರಿಗೆ ಹೋದವನಿಗೆ ಮೂರನೆಯ ಆಸೆ ಹುಟ್ಟಿತು: ಕೆಂಪುಕಲ್ಲು. ಬೀದರ ಊರು ಕೂತಿರುವುದೇ ಆ ಕಲ್ಲಿನ ಮೇಲೆ. ಬಹಮನಿಯವರು ಕೋಟೆಯ ಕಂದಕವನ್ನು ಅದರಲ್ಲೇ ಕಡಿದರು, ನೌಬಾದಿನ ಕಾರೇಜು ಎಂಬ ನೆಲದಡಿಯ ನೀರಿನ ದಾರಿಯನ್ನೂ ಅದರಲ್ಲೇ ಕೊರೆದರು. ಕರಾವಳಿಯವರು ಮುರಕಲ್ಲು ಎನ್ನುವುದು ಇದೇ ಜಾತಿ. ಜಂಬಿಟ್ಟಿಗೆ ಎಂದೂ ಕರೆಯುತ್ತಾರೆ, ಹೆಸರಲ್ಲೇ ಇಟ್ಟಿಗೆ ಇದೆ. 1807ರಲ್ಲಿ ಫ್ರಾನ್ಸಿಸ್ ಬುಕನನ್ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟದ್ದೂ ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಶಬ್ದದಿಂದಲೇ. ಗಣಿಯಿಂದ ತೆಗೆದಾಗ ಮೆತ್ತಗೆ, ಗಾಳಿಗೆ ಬಿಟ್ಟರೆ ಗಟ್ಟಿ. ಕೆಲವು ತಿಂಗಳು ಬಿಡಬೇಕು. ಕಲ್ಲಿನಲ್ಲಿ ಬಿಳಿ ಜೇಡಿಯ ಗೂಡುಗಳಿದ್ದರೆ ಮಳೆಗೆ ತೊಳೆದು ತೂತಾಗುತ್ತದೆ. ಬೀದರ ಆಸುಪಾಸಿನವರಿಗೆ ನಾನು ಇದನ್ನೇ ಹೇಳುತ್ತೇನೆ, ಇಟ್ಟಿಗೆಯನ್ನಲ್ಲ. ಆದರೆ ನಮ್ಮೂರು ದಿಬ್ಬದ ಕೆಳಗಿನ ಎರಿ ಸೀಮೆ. ಲಾರಿ ಬಾಡಿಗೆ ಕೇಳಿದ ಮೇಲೆ ಆಸೆ ಬಿಟ್ಟೆ.

ಇಟ್ಟಿಗೆಯ ಪರೀಕ್ಷೆ

ಕಡೆಗೆ ಉಳಿದದ್ದು ಇಟ್ಟಿಗೆ. ಇಟ್ಟಿಗೆ ಎಂದ ಕೂಡಲೇ ಒಳ್ಳೆಯದಾಯಿತು ಎಂದಲ್ಲ. ನಮ್ಮಂಥ ಎರಿ ನಾಡಿನಲ್ಲಿ ಇಟ್ಟಿಗೆಯೇ ದೊಡ್ಡ ಮೋಸ.

ಮೂರು ಭಟ್ಟಿಗಳಿಂದ ಆರಾರು ಇಟ್ಟಿಗೆ ತಂದೆ. ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಮಾಡಿದೆ. ಎರಡನ್ನು ಒಂದಕ್ಕೊಂದು ಬಡಿದರೆ ಗಂಟೆಯ ಸದ್ದು ಬರಬೇಕು, 'ದಬ್' ಎನ್ನಬಾರದು. ಉಗುರಿನಿಂದ ಗೀರಿದರೆ ಗುರುತು ಬೀಳಬಾರದು. ಎದೆಯೆತ್ತರದಿಂದ ಬಿಟ್ಟರೆ ಒಡೆಯಬಾರದು. ಇವು ಎಲ್ಲ ಗೌಂಡಿಗಳಿಗೂ ಗೊತ್ತು. ಗೊತ್ತಿದ್ದೂ ಯಾರೂ ಮಾಡದ್ದು ನೀರಿನ ಪರೀಕ್ಷೆ. ಒಣಗಿದ ಇಟ್ಟಿಗೆ ತೂಗಿ, ಒಂದು ದಿನ ಒಂದು ರಾತ್ರಿ ನೀರಿನಲ್ಲಿ ಮುಳುಗಿಸಿಟ್ಟು, ಒರೆಸಿ ಮತ್ತೆ ತೂಗಬೇಕು. ಸಾಧಾರಣ ಇಟ್ಟಿಗೆ ತನ್ನ ತೂಕದ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ನೀರು ಕುಡಿಯಬಾರದು ಎಂದು ಭಾರತೀಯ ಮಾನಕ ಹೇಳುತ್ತದೆ. ಮೂರು ಕಿಲೋದ್ದು ಮೂರು ಕಿಲೋ ಆರುನೂರು ಗ್ರಾಮ್ ಒಳಗಿರಬೇಕು. ಕಿರಾಣಿ ಅಂಗಡಿಯ ತಕ್ಕಡಿ ಸಾಕು.

ಒಂದನೆಯ ಭಟ್ಟಿಯದು ಬಡಿದಾಗ ಚೆನ್ನಾಗಿ ಸದ್ದು ಮಾಡಿತ್ತು. ಬಣ್ಣವೂ ಚಂದ, ಬೆಲೆಯೂ ಕಡಿಮೆ. ಅದಕ್ಕೇ ಮುಂಗಡ ಕೊಡಲು ಮನಸ್ಸು ಮಾಡಿದ್ದೆ. ನೀರಿನಿಂದ ತೆಗೆದು ಕಟ್ಟೆಯ ಮೇಲಿಟ್ಟದ್ದು, ಎರಡು ದಿನ ಬಿಟ್ಟು ನೋಡಿದರೆ ಆರರಲ್ಲಿ ನಾಲ್ಕರ ಮೈಯಿಂದ ಬಿಲ್ಲೆ ಎದ್ದು ಬಂದಿದೆ. ಎದ್ದ ಗುಂಡಿಯ ನಡುವೆ ಜೋಳದ ಕಾಳಿನಷ್ಟು ಬಿಳಿ ಹಿಟ್ಟು. ನಮ್ಮ ಎರಿ ಮಣ್ಣಿನಲ್ಲಿ ಸುಣ್ಣದ ಹರಳು ಇರುತ್ತದಲ್ಲ, ಅದು ಭಟ್ಟಿಯಲ್ಲಿ ಸುಟ್ಟು ಸುಟ್ಟಸುಣ್ಣವಾಗುತ್ತದೆ. ನೀರು ತಾಗಿದಾಗ ಅರಳಿ ಉಬ್ಬಿ ಇಟ್ಟಿಗೆಯನ್ನು ಒಳಗಿನಿಂದ ಸಿಡಿಸುತ್ತದೆ. ಗೋಡೆ ಕಟ್ಟಿ ಗಿಲಾವು ಮಾಡಿದ ಮೇಲೆ ಮೊದಲ ಮಳೆಗೆ ಇದು ಆಗಿದ್ದರೆ? ಇಂಥ ಗೋಡೆಯ ಮೇಲೆ ಕಲ್ಲಿನ ಹಾಸು ಅಂಟಿಸಿದರೆ ಹಾಸು ಸಮೇತ ಹೊರಗೆ ಬರುತ್ತದೆ. ಮಣ್ಣನ್ನು ಸಣ್ಣಗೆ ಜರಡಿ ಹಿಡಿಯದ ಭಟ್ಟಿಯ ಮಾಲು ಅದು. ಮೂರನೆಯ ಭಟ್ಟಿಯವರು ಕೆರೆಯ ಹೂಳಿಗೆ ಕೆಂಪು ಮಸಾರಿ ಮಣ್ಣು ಬೆರೆಸುವವರು. ಅವರ ಇಟ್ಟಿಗೆ ಕುಡಿದದ್ದು ಏಳರಲ್ಲಿ ಒಂದು ಪಾಲು ನೀರು. ಅದನ್ನೇ ಕೊಂಡೆ.

ಮನೆಯ ಹೊರ ಅಳತೆ 24 ಅಡಿಗೆ 32 ಅಡಿ, ಎತ್ತರ ಹತ್ತಡಿ. ಬಾಗಿಲು ಕಿಟಕಿ ಕಳೆದು ಹೊರಗೋಡೆ ಸುಮಾರು 950 ಚದರಡಿ. ಒಂಬತ್ತಿಂಚಿನ ಗೋಡೆಗೆ ನೂರು ಚದರಡಿಗೆ ಒಂಬತ್ತು ನೂರು ಇಟ್ಟಿಗೆ ಹಿಡಿಯುತ್ತವೆ. ನನಗೆ ಬೇಕಾದದ್ದು 8,600. ಒಂದಕ್ಕೆ 8 ರೂಪಾಯಿಯಂತೆ 68,800 ರೂಪಾಯಿ.

ಒಂಬತ್ತಿಂಚೇ ಯಾಕೆ? ಒಂದು ಸಾಲಿನಲ್ಲಿ ಇಟ್ಟಿಗೆ ಉದ್ದಕ್ಕೆ, ಮೇಲಿನ ಸಾಲಿನಲ್ಲಿ ಅಡ್ಡಕ್ಕೆ ಕೂತರೆ, ಅಡ್ಡ ಕೂತ ಇಟ್ಟಿಗೆ ಹೊರಮುಖದಿಂದ ಒಳಮುಖದವರೆಗೆ ಹಾಯುತ್ತದೆ. ಕಿಲ್ಲಾರಿಯ ಗೋಡೆಯಲ್ಲಿ ಇಲ್ಲದೇ ಹೋದ ಅಡ್ಡಗಲ್ಲು ಇಲ್ಲಿ ಸಾಲು ಬಿಟ್ಟು ಸಾಲಿಗೆ ಇದೆ. ಗೌಂಡಿ ಗಡಿಬಿಡಿಯಲ್ಲಿ ಎರಡು ಮುಖಕ್ಕೂ ಬರೀ ಉದ್ದಕ್ಕೆ ಇಟ್ಟು, ನಡುವೆ ಗಾರೆ ಸುರಿದು ಮುಗಿಸಿಬಿಡುತ್ತಾನೆ. ಹೊರಗಿನಿಂದ ಗೊತ್ತಾಗುವುದಿಲ್ಲ. ಕೆಲಸ ನಡೆದಷ್ಟು ದಿನ ನಾನು ಅಲ್ಲೇ ಕುರ್ಚಿ ಹಾಕಿಕೊಂಡು ಕೂತೆ. ಗೌಂಡಿಗೆ ಸಿಟ್ಟು ಬಂತು, ಬರಲಿ.

ಹಾಸಿನ ದುಡ್ಡು ಸರಳಿಗೆ

ಮುಂದಿನ ಗೋಡೆಗೆ ಕಲ್ಲಿನ ಹಾಸು ಅಂಟಿಸಲು ಅಂಗಡಿಯವನು ಹೇಳಿದ್ದು 19,000 ರೂಪಾಯಿ. ಅದೇ ವಾರ ನಾನು ಇನ್ನೊಂದು ಲೆಕ್ಕ ಹಾಕಿದ್ದೆ. ಪಾಯದ ಮಟ್ಟದಲ್ಲಿ ಒಂದು, ಬಾಗಿಲು ಕಿಟಕಿಯ ತಲೆಯ ಮಟ್ಟದಲ್ಲಿ ಒಂದು, ಹೀಗೆ ಎಲ್ಲ ಗೋಡೆಯನ್ನೂ ಸುತ್ತಿ ಬರುವ ಎರಡು ಕಾಂಕ್ರೀಟ್ ಪಟ್ಟಿ. ಮೂರಿಂಚು ದಪ್ಪ, ಗೋಡೆಯಷ್ಟೇ ಅಗಲ, ಒಳಗೆ 10 ಮಿಲಿಮೀಟರಿನ ಎರಡು ಸರಳು, ಆರಾರು ಇಂಚಿಗೆ ಒಂದು ಅಡ್ಡಕಡ್ಡಿ. ಭೂಕಂಪಕ್ಕೆಂದೇ ಇರುವ 4326ನೇ ಭಾರತೀಯ ಮಾನಕದಲ್ಲಿ ಹೇಳಿದ್ದು ಇದನ್ನೇ. ಗಡಿಗೆಗೆ ಹಗ್ಗ ಬಿಗಿದಂತೆ ಇದು ನಾಲ್ಕೂ ಗೋಡೆಯನ್ನು ಹಿಡಿದಿಡುತ್ತದೆ. ಮೇಲೆ ಕಾಂಕ್ರೀಟ್ ಛತ್ತು ಇರುವುದರಿಂದ ಛತ್ತಿನ ಬುಡಕ್ಕೆ ಮೂರನೆಯದು ಬೇಕಾಗಲಿಲ್ಲ. ನಮ್ಮಲ್ಲಿ ಎಲ್ಲರೂ ಬಾಗಿಲು ಕಿಟಕಿಯ ಮೇಲೆ ತುಂಡು ತುಂಡು ಹಾಕಿ ನಿಲ್ಲಿಸುತ್ತಾರೆ. ತುಂಡು ಹಗ್ಗದಿಂದ ಗಡಿಗೆ ಬಿಗಿಯುವುದು ಹೇಗೆ? ಅಡ್ಡಗೋಡೆಯೂ ಸೇರಿ ಎರಡು ಪಟ್ಟಿಗೆ ಒಂದೂವರೆ ಕ್ವಿಂಟಲ್ ಸರಳು ಹಿಡಿಯಿತು. ಸಿಮೆಂಟು, ಕಡಿ, ಮರಳು ಎಲ್ಲ ಸೇರಿ 17,000ದ ಒಳಗೇ ಮುಗಿಯಿತು. ನಾಲ್ಕೂ ಮೂಲೆಗೆ ಪಾಯದಿಂದ ಛತ್ತಿನವರೆಗೆ ನೆಟ್ಟಗೆ ಒಂದೊಂದು 12 ಮಿಲಿಮೀಟರ್ ಸರಳು ಬೇರೆ.

ಇದನ್ನು ಕಾಗದದ ಮೇಲೆ ಬರೆದು ಮಗನ ಮುಂದಿಟ್ಟೆ. ಎರಡಕ್ಕೂ ದುಡ್ಡಿಲ್ಲ, ಒಂದು ಹೇಳು ಅಂದೆ. ಅವನು ಸುಮ್ಮನೆ ಕೂತ. ಆಮೇಲೆ "ಅಜ್ಜ ಇದ್ದಿದ್ರ ಏನು ಅಂತಿದ್ದ?" ಎಂದು ಕೇಳಿದ. ಅಲ್ಲಿಗೆ ಆ ಮಾತು ಮುಗಿಯಿತು. ಆದರೆ ಅವನಿಗೆ ಬೇಜಾರಾದದ್ದು ನಿಜ. ಗೆಳೆಯರ ಮನೆಯ ಮುಂದೆ ನಮ್ಮದು ಹಳೆ ಶಾಲೆಯ ಹಾಗೆ ಕಾಣುತ್ತದಂತೆ. ಬಾಗಿಲ ಎರಡೂ ಬದಿಗೆ ಎರಡಡಿ ಅಗಲ ಜಾಗ ಬಿಟ್ಟಿದ್ದೇನೆ, ಅವನ ದುಡ್ಡಿನಲ್ಲಿ ಏನು ಬೇಕಾದರೂ ಅಂಟಿಸಿಕೊಳ್ಳಲಿ.

ಪಾಯದ ಬಗ್ಗೆ ಒಂದೇ ಮಾತು, ಯಾಕಂದರೆ ಅದೇ ಇನ್ನೊಂದು ಲೇಖನವಾಗುತ್ತದೆ. ಎರಿ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಾಯಿ ಬಿಡುತ್ತದೆ. ಅದರ ಮೇಲೆ ಪಾಯ ಕೂಡಿಸಿದರೆ ಮನೆ ಪ್ರತಿ ವರ್ಷ ಉಸಿರಾಡುತ್ತದೆ. ಆರಡಿ ಅಗೆದಾಗ ನಮಗೆ ಮುರುಮು ಸಿಕ್ಕಿತು. ಅಲ್ಲಿಂದ ಹಳೆ ಮನೆಯ ಕಲ್ಲನ್ನೇ ಸಿಮೆಂಟಿನಲ್ಲಿ, ಅಡ್ಡಗಲ್ಲು ಇಟ್ಟು ಎಬ್ಬಿಸಿದೆವು. ಬದಿಗೆ ಮುರುಮು ತುಂಬಿದೆವು. ಮನೆಯ ಸುತ್ತ ಮೂರಡಿ ಕಟ್ಟೆ ಕಟ್ಟಿ ನೀರು ಬುಡಕ್ಕೆ ನಿಲ್ಲದಂತೆ ಹೊರಗೆ ಇಳಿಜಾರು ಕೊಟ್ಟೆವು. ಬಚ್ಚಲ ನೀರಿನ ಬಾಳೆಗಿಡ ದೂರಕ್ಕೆ ಹೋಯಿತು.

ಇಷ್ಟು ಮಾಡಿದರೂ ಸಣ್ಣ ಬಿರುಕು ಬಂದೇ ಬರುತ್ತದೆ ಎಂದು ಗೊತ್ತಿತ್ತು. ಮುಂದಿನ ಗೋಡೆಗೆ ಗಿಲಾವು ಮಾಡದೆ ಇಟ್ಟಿಗೆಯನ್ನು ಹಾಗೇ ಬಿಟ್ಟು ಸಂದಿಗಷ್ಟೇ ಗಾರೆ ತುಂಬಿ ತೀಡಿಸಿದ್ದೇನೆ. ಮಳೆ ಬಡಿಯುವ ತೆಂಕಣ, ಪಡುವಣ ಗೋಡೆಗೆ ಗಿಲಾವು ಇದೆ.

ತೊಗರಿ ಕಟಗಿಯ ಹೊದಿಕೆ

ಉಳಿದದ್ದು ಪಡುವಣ ಬಿಸಿಲು. ಇದಕ್ಕೆ ದಾರಿ ಸಿಕ್ಕಿದ್ದು ಮಲೆನಾಡಿನಲ್ಲಿ. ಹಿಂದೊಮ್ಮೆ ಸಾಗರದ ಕಡೆ ಒಬ್ಬ ಅಡಿಕೆ ಬೆಳೆಗಾರರ ಮನೆಯಲ್ಲಿ ಉಳಿದಿದ್ದೆ. ಮಳೆಗಾಲ ಶುರುವಾಗುವ ಮೊದಲು ಮಳೆ ಹೊಡೆಯುವ ಬದಿಯ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಾರೆ. ಮಳೆ ಮುಗಿದ ಮೇಲೆ ಬಿಚ್ಚುತ್ತಾರೆ. ಹೊರಹೊದಿಕೆ ಎಂದರೆ ಅದೂ ಹೊರಹೊದಿಕೆಯೇ ಅಲ್ಲವೇ? ಬಿಚ್ಚಿದಾಗ ಗೋಡೆಗೆ ಏನಾಗಿದೆ ಎಂದು ವರ್ಷಕ್ಕೊಮ್ಮೆ ಕಾಣುತ್ತದೆ.

ಅವರಿಗೆ ಮಳೆ, ನಮಗೆ ಬಿಸಿಲು. ಸೋಗೆ ನಮ್ಮಲ್ಲಿಲ್ಲ, ತೊಗರಿ ಕಟಗಿ ಬೇಕಾದಷ್ಟಿದೆ. ರಾಶಿ ಮುಗಿದ ಮೇಲೆ ನೆಟ್ಟನೆಯ ಕಟಗಿ ಆರಿಸಿ ಆರಡಿ ಎತ್ತರದ ತಟ್ಟಿ ಹೆಣೆದು, ಪಡುವಣ ಗೋಡೆಯಿಂದ ನಾಲ್ಕಿಂಚು ದೂರಕ್ಕೆ, ನೆಲದಿಂದ ಒಂದಡಿ ಮೇಲಕ್ಕೆ ತೂಗುಹಾಕಿದೆ. ನಡುವಿನ ಸಂದಿಯಲ್ಲಿ ಗಾಳಿ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ. ನೆಲ ಮುಟ್ಟಿಸಿದರೆ ಗೆದ್ದಲು ಹತ್ತುತ್ತದೆ. ಅಡುಗೆಮನೆಯ ಬದಿಗೆ ಇದನ್ನು ಕಟ್ಟಬಾರದು, ಒಣ ಕಟಗಿಗೆ ಕಿಡಿ ಸಾಕು. ಮಾರ್ಚಿಯಲ್ಲಿ ಕಟ್ಟಿ, ಮೊದಲ ಮಳೆಗೆ ಬಿಚ್ಚಿ ಒಲೆಗೆ ಹಾಕುತ್ತೇವೆ. ಖರ್ಚು ಒಂದು ದಿನದ ಕೆಲಸ, ಒಂದು ಸುರುಳಿ ತಂತಿ. ಸಂಜೆ ಐದಕ್ಕೆ ಒಳಗಿನಿಂದ ಗೋಡೆ ಮುಟ್ಟಿದರೆ ತಟ್ಟಿ ಇರುವ ಕಡೆಗೂ ಇಲ್ಲದ ಕಡೆಗೂ ವ್ಯತ್ಯಾಸ ಕಣ್ಣುಮುಚ್ಚಿ ಹೇಳಬಹುದು.

ಒಕ್ಕಲಾಗಿ ಒಂದು ವರ್ಷ ತುಂಬಿತು. ಈಶಾನ್ಯ ಮೂಲೆಯ ಕಿಟಕಿಯ ಕೆಳಗೆ ಇಟ್ಟಿಗೆಯ ಸಂದಿಯಲ್ಲಿ ಒಂದು ಬಿರುಕು ಬಂದಿದೆ. ಕಳೆದ ಏಪ್ರಿಲ್‌ನಲ್ಲಿ ಅದಕ್ಕೆ ಅಡ್ಡ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆದೆ. ಮೇ ತಿಂಗಳಲ್ಲಿ ಅಂಚೆ ಕಾರ್ಡು ತೂರುವಷ್ಟು ಬಿಟ್ಟಿತ್ತು. ಸೆಪ್ಟೆಂಬರಿನಲ್ಲಿ ಕೂಡಿಕೊಂಡಿತು, ಕಾರ್ಡು ಹೋಗಲಿಲ್ಲ. ಅದರ ಪಕ್ಕ ಎರಡನೆಯ ಗೆರೆ ಎಳೆದಿದ್ದೇನೆ. ಪಟ್ಟಿಯನ್ನು ದಾಟಿ ಮೇಲೆ ಹೋಗಿಲ್ಲ. ಬರುವ ಮೇ ತಿಂಗಳಲ್ಲಿ ಮತ್ತೆ ಕಾರ್ಡು ಹಾಕಿ ನೋಡುತ್ತೇನೆ.